ಹಂಚಬಾರದ ಮಾತ್ರೆ

ತುಮರಿಯ ಕಡವಿನಿಂದ ಮೊದಲ ಲಾಂಚ್ ಇನ್ನೂ ಹೊರಟಿಲ್ಲ. ಹಿನ್ನೀರಿಗೆ ಕೈಮುಗಿದು ಮಾಸ್ತಮ್ಮ ಆಗಲೇ ಗುಡ್ಡ ಹತ್ತುತ್ತಿದ್ದಾರೆ; ಅವರ ಕೆಲಸ ನೋಡಲು ಬಂದ ನಾನು ಹಿಂದೆ. ತವರಿನ ಗದ್ದೆ ಮುಳುಗಿರುವುದು ಆ ನೀರಿನ ಅಡಿಯಲ್ಲೇ. ಆದರೂ ಅದರ ಮೇಲೆ ಅವರಿಗೆ ಮುನಿಸಿಲ್ಲ.

ಊರಿನ ಸಣ್ಣ ಆಸ್ಪತ್ರೆಯಲ್ಲಿ ಅವರು ಆಯಾ. ಸಾವಿರದ ಒಂಬೈನೂರ ಎಂಬತ್ಮೂರರ ಈ ಚಳಿಗಾಲದಲ್ಲಿ ಮನೆಮನೆಗೂ ಫ್ಲೂ ಜ್ವರ ಹೊಕ್ಕಿದೆ. ಎದೆ ಸೋತ ಮುದುಕರಿಗೆಂದು ಡಾಕ್ಟರು ಹೊಸ ಮಾತ್ರೆ ತರಿಸಿದ್ದಾರೆ. ಅದನ್ನು ನುಂಗಿಸಿ ಬರುವ ಕೆಲಸ ಮಾಸ್ತಮ್ಮನದು.

ಕೊಟ್ಟು ಬರುವುದಲ್ಲ, ನುಂಗಿಸಿಯೇ ಬರುವುದು. ಹಾಗೆ ಮಾಡಬೇಕೆಂದು ಕಲಿಸಿದ್ದು ಶೇಷಪ್ಪಗೌಡರ ಮನೆ. ಉಬ್ಬಸದ ಗೌಡರಿಗೆ ಜ್ವರ ಬಂದಾಗ ಮಾಸ್ತಮ್ಮ ಐದು ದಿನದ ಮಾತ್ರೆ ಒಟ್ಟಿಗೇ ಕೊಟ್ಟು ಬಂದಿದ್ದರು. ಮರುದಿನ ಹೋದರೆ, ಹೆಂಡತಿ ತುಂಗಮ್ಮ ಜಗಲಿಯಲ್ಲಿ ಕೂತು ಮಾತ್ರೆಗಳನ್ನು ಅಡಕತ್ತರಿಯಲ್ಲಿ ಹೋಳು ಮಾಡುತ್ತಿದ್ದಾರೆ. ಸೊಸೆಗೊಂದು ಹೋಳು, ಮೊಮ್ಮಕ್ಕಳಿಗೊಂದು, ಕೊಟ್ಟಿಗೆಯ ಆಳಿಗೂ ಒಂದು. ದೇವರ ಮುಂದಿಟ್ಟ ಬಾಳೆಹಣ್ಣನ್ನೂ ಆ ಮನೆಯಲ್ಲಿ ಒಬ್ಬರೇ ತಿಂದದ್ದಿಲ್ಲ.

ಮಾಸ್ತಮ್ಮ ಬೈಯಲಿಲ್ಲ. ಪಕ್ಕದಲ್ಲೇ ಕೂತು ಎಲೆ-ಅಡಿಕೆಯ ಕವಳ ಹಾಕಿಕೊಂಡು, ಡಾಕ್ಟರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿದರು.

"ಅರೆ ಮದ್ದು ಅಂದ್ರೆ ಹಾವಿಗೆ ಅರೆಪೆಟ್ಟು ಹಾಕಿ ಬಿಟ್ಟಂಗೆ ಅಮ್ಮ. ಜ್ವರದ ಹುಳ ಸಾಯಲ್ಲ, ಮದ್ದಿನ ಗುಟ್ಟು ಕಲ್ತ್ಕಂತದೆ. ಆಮೇಲೆ ಗೌಡ್ರಿಗೆ ಇಡೀ ಡಬ್ಬಿ ನುಂಗ್ಸಿದ್ರೂ ನಾಟಲ್ಲ."

"ಮಕ್ಳು ಎದ್ರಿಗೇ ಕೆಮ್ತಾ ಕೂತಿರೋವಾಗ ಒಬ್ರಿಗೇ ಹೆಂಗೆ ಕೊಡದು ಮಾರಾಯ್ತಿ?" ತುಂಗಮ್ಮನ ಕಣ್ಣು ತುಂಬಿತ್ತು.

"ಪ್ರಸಾದ ಆದ್ರೆ ಹಂಚಿ. ಇದು ಹರಕೆ. ಹೊತ್ತವ್ರೇ ತೀರಿಸ್ಬೇಕು, ಪೂರ್ತಿ ತೀರಿಸ್ಬೇಕು."

ತುಂಗಮ್ಮ ಒಂದು ಗಳಿಗೆ ದೇವರಮನೆಯ ಕಡೆ ನೋಡಿ, ಗಂಡನನ್ನು ಕೂಗಿದರು. ಮಾಸ್ತಮ್ಮ ತಮ್ಮ ಡಬ್ಬಿಯಿಂದ ಇಡೀ ಮಾತ್ರೆ ತೆಗೆದುಕೊಟ್ಟರು. ಅಂದಿನಿಂದ ಗೌಡರು ದಿನಾ ಕೈಕಾಲು ತೊಳೆದು, ಮೂಡಲಿಗೆ ಮುಖ ಮಾಡಿ ನುಂಗುತ್ತಾರೆ. ಮಕ್ಕಳಿಗೆ ಮೆಣಸಿನ ಕಷಾಯವೇ ಸಾಕಾಗಿದೆ. ಈಗ ಡಾಕ್ಟರೂ ರೋಗಿಗಳಿಗೆ "ಐದು ದಿನದ ಹರಕೆ" ಎಂದೇ ಹೇಳುತ್ತಾರಂತೆ.

ಇವತ್ತು ಗೌಡರಿಗೆ ಕೊನೆಯ ಮಾತ್ರೆ. ಜ್ವರ ಬಿಟ್ಟಿದೆ, ಉಸಿರು ಸಲೀಸಾಗಿದೆ, ಹಳೆಯ ತುಂಟತನವೂ ಮರಳಿದೆ. ಹರಕೆ ತೀರಿದ ಮೇಲೆ ಊಟ ಹಾಕಿಸಬೇಕಾದ್ದು ಅದನ್ನು ಹೊರಿಸಿದ ಮಾಸ್ತಮ್ಮನೇ ಎಂದು ಕೆಣಕುತ್ತಾರೆ. ತುಂಗಮ್ಮ ನಗುತ್ತಾ ಮಾಸ್ತಮ್ಮನ ಎಲೆಗೆ ಇನ್ನೊಂದು ದೋಸೆ ಹಾಕುತ್ತಾರೆ.

ಹರಕೆ ತೀರಿತಲ್ಲ, ನಿಮಗೇನು ಬೇಕು ಎಂದು ನಾನು ಮಾಸ್ತಮ್ಮನನ್ನು ಕೇಳುತ್ತೇನೆ. ಅವರು ಬೆರಳಿಗಂಟಿದ ಬೆಲ್ಲ ನೆಕ್ಕುತ್ತಾ ಯೋಚಿಸುತ್ತಾರೆ.

"ನಂಗೆಂತ ಬೇಕು? ಈ ಮದ್ದು ಬಾಳ ಕಾಲ ನಾಟ್ತಾ ಇರ್ಲಿ. ಈಗ ಹುಟ್ಟೋ ಮಕ್ಳೂ ಒಂದಿನ ಮುದುಕ್ರಾಗ್ತಾವಲ್ಲ."