ದಿಂಬಿಗೆ ಕಟ್ಟಿದ ಕಪ್ಪು ಪಟ್ಟಿ

ಮದ್ದೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್ ಆಗಿದ್ದಷ್ಟು ಕಾಲವೂ ಮಳೆ ಹಿಡಿಯುವ ಮುಂಚೆ ಒಂದು ತಾಲೀಮು ತಪ್ಪದೆ ನಡೆಯುತ್ತಿತ್ತು. ಊರಿಗೆ ಊರೇ ಕಾಯಿಲೆ ಬಿದ್ದು ಒಟ್ಟಿಗೆ ಬಂದರೆ ಯಾರು ಗೇಟಿನಲ್ಲಿ ನಿಲ್ಲಬೇಕು, ಯಾರು ಡ್ರಿಪ್ ಹಾಕಬೇಕು ಎಂದು ಬಾಯಲ್ಲಿ ಹೇಳಿದರೆ ಸಾಲದು, ಕೈಕಾಲಿಗೆ ರೂಢಿಯಾಗಬೇಕು. ಇದು ನನ್ನ ನಂಬಿಕೆ.

ತಾಲೀಮಿನಲ್ಲಿ ಸಿಬ್ಬಂದಿಯೇ ರೋಗಿಗಳು. ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದೆವು. ಕೆಂಪು, ತಕ್ಷಣ ನೋಡಬೇಕಾದವರಿಗೆ. ಹಳದಿ, ಸ್ವಲ್ಪ ಕಾಯಬಹುದಾದವರಿಗೆ. ಹಸಿರು, ನಡೆದಾಡುವವರಿಗೆ. ಕಪ್ಪು, ತೀರಿಕೊಂಡವರಿಗೆ. ಕೆಂಪು ಪಟ್ಟಿಗೆ ಪೈಪೋಟಿಯೇ ಇರುತ್ತಿತ್ತು. ನರಳುವುದೆಂದರೆ ಎಲ್ಲರಿಗೂ ಖುಷಿ. ಕಪ್ಪು ಪಟ್ಟಿ ಎತ್ತಿಕೊಂಡರೆ ಮಾತ್ರ ಅಂಗಳ ಖಾಲಿ.

"ಅಯ್ಯೋ ಬುಡಿ ಸಿಸ್ಟರಮ್ಮ, ಮನೇಲಿ ಮಗಳ ಮದ್ವೆ ಇಟ್ಕಂಡಿವ್ನಿ. ಎಣ ಆಗಿ ಮಲಿಕೊ ಅಂತೀರಲ್ಲ!" ಎಂದು ಮೊದಲ ವರ್ಷ ಆಯಾ ಸೆರಗು ಸಿಕ್ಕಿಸಿಕೊಂಡು ದೂರ ಸರಿದಳು.

ಆಂಬುಲೆನ್ಸ್ ಡ್ರೈವರ್ ಕಾವಲುಗಾರನ ಕಡೆ ತಿರುಗಿದ. "ಲೇ, ನೀನೇ ಮಲಿಕಳ್ಳಾ. ದಿನಾ ಡ್ಯೂಟೀಲಿ ಎಣದಂಗೇ ಬಿದ್ದಿರ್ತೀಯ."

"ನಿನ್ ಗಾಡಿ ಅತ್ತುದ್ರೆ ಎಂಗೂ ಎಣ ಆಯ್ತೀನಿ ಕಣ್ಲಾ. ಇವಾಗ್ಲೇ ಏನ್ ಅರ್ಜೆಂಟು?"

ಎಲ್ಲರೂ ನಕ್ಕರು. ಡಾಕ್ಟರು, "ಹೊತ್ತಾಯ್ತು, ಒಂದು ದಿಂಬಿಗೆ ಕಟ್ಟಿ ಮುಗಿಸಿ" ಎಂದರು. ನನಗೂ ಹೊತ್ತಿನದೇ ಚಿಂತೆ. ದಿಂಬನ್ನು ಪರದೆಯ ಹಿಂದೆ ಇಟ್ಟೆವು. ಆಮೇಲೆ ಪ್ರತಿ ವರ್ಷವೂ ಅದೇ ಪದ್ಧತಿಯಾಯಿತು.

ಒಂದು ವರ್ಷ ಹತ್ತಿರದ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿತು. ಬೆಳಗಾಗುತ್ತಲೇ ವಾಂತಿಭೇದಿಯವರು ಗೂಡ್ಸ್ ಆಟೋಗಳಲ್ಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ನಮ್ಮವರು ತಾಲೀಮಿನಂತೆಯೇ ನಡೆದುಕೊಂಡರು. ಒಬ್ಬರೂ ಗಾಬರಿಯಾಗಲಿಲ್ಲ, ಒಬ್ಬರ ದಾರಿಗೆ ಒಬ್ಬರು ಅಡ್ಡ ಬರಲಿಲ್ಲ. ಕಿಟಕಿಯ ಸರಳಿಗೂ ಡ್ರಿಪ್ ಬಾಟಲಿ ಕಟ್ಟಿದೆವು. ಬಂದವರೆಲ್ಲ ಉಳಿದರು, ಒಬ್ಬ ಮುದುಕಿಯ ಹೊರತು. ಆಕೆಯನ್ನು ಪರದೆಯ ಹಿಂದೆ ಸರಿಸಿ, ಕಪ್ಪು ಪಟ್ಟಿ ಕಟ್ಟಿ, ಮುಂದಿನ ಮಂಚಕ್ಕೆ ಹೋದೆವು. ಹಾಗೇ ಕಲಿತಿದ್ದೆವು.

ಆಕೆಯ ಗಂಡ ವರಾಂಡದಲ್ಲಿ ನಿಂತಿದ್ದ. ಎಚ್ಚರವಾದರೆ ಗಂಜಿ ಕುಡಿಸಬಹುದು ಎಂದು ಯಾರೋ ಹೇಳಿದ್ದರಿಂದ ಎಲ್ಲಿಂದಲೋ ಗಂಜಿ ಮಾಡಿಸಿ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದ. ಹಾದುಹೋದವರನ್ನೆಲ್ಲ ಕೇಳುತ್ತಿದ್ದ: "ಎದ್ಳೇನವ್ವ? ಗಂಜಿ ಆರೋಯ್ತದೆ." ಗೊತ್ತಿಲ್ಲದವರು "ನೋಡ್ತೀವಿ ಇರಿ" ಎಂದರು. ಗೊತ್ತಿದ್ದವರು "ಡಾಕ್ಟ್ರು ಹೇಳ್ತಾರೆ" ಎಂದರು. ನಾನು ಹೇಳಿದ್ದೂ ಅದನ್ನೇ, ಅದೂ ನಿಲ್ಲದೆ, ನಡೆಯುತ್ತಲೇ. ಪ್ರತಿಯೊಂದು ಕೆಲಸಕ್ಕೂ ನಮ್ಮಲ್ಲಿ ಒಬ್ಬರನ್ನು ಗೊತ್ತುಮಾಡಿದ್ದೆವು. ಆ ಒಂದು ಮಾತು ಹೇಳುವುದಕ್ಕೆ ಯಾರೂ ಇರಲಿಲ್ಲ. ದಿಂಬಿಗೆ ಗಂಡನಿರಲಿಲ್ಲವಲ್ಲ.

ಮಧ್ಯಾಹ್ನ ಡ್ರೈವರ್ ಬಂದು ವರಾಂಡದ ತುದಿಯಿಂದ ಕೂಗಿದ. "ಎಣದ ಕಡೆಯೋರ್ ಯಾರ್ರಪ್ಪಾ?"

ಎಲ್ಲರೂ ಅತ್ತಿತ್ತ ನೋಡಿದರು. ಆ ಮುದುಕನೂ ಯಾರ ಮನೆಯವರೋ ಪಾಪ ಎನ್ನುವ ಹಾಗೆ ತಿರುಗಿ ನೋಡಿದ. ಆಮೇಲೆ ನನ್ನ ಮುಖ ನೋಡಿದ. ನಾನು ಎದುರಿಗೇ ಇದ್ದೆ. ಕೈಯಲ್ಲಿದ್ದ ಡಬ್ಬಿಯನ್ನು ನನಗೆ ಕೊಟ್ಟ.

"ಇಲ್ಲೇ ನಿಂತಿದ್ನಲ್ಲವ್ವ. ಒಂದ್ ಮಾತು ಯೋಳ್ಬಾರದಾಗಿತ್ತಾ?"

ಅಷ್ಟೇ ಅಂದಿದ್ದು. ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಆ ಸಂಜೆ ಮೇಲಿನವರು ಬಂದು ನಮ್ಮ ಶಿಸ್ತನ್ನು ಹೊಗಳಿದರು. ಡಬ್ಬಿ ನನ್ನ ಮೇಜಿನ ಮೇಲೇ ಇತ್ತು. ಅವನು ಅದನ್ನು ಕೇಳಿಕೊಂಡು ಬರಲಿಲ್ಲ. ನಾನೂ ಅವನ ಊರಿಗೆ ಹೋಗಲಿಲ್ಲ.

ಈಗ ನಿವೃತ್ತಳಾಗಿ ಮಂಡ್ಯದಲ್ಲಿದ್ದೇನೆ. ಹೋದ ವರ್ಷ ಮಳವಳ್ಳಿ ಕಡೆಯ ಹೊಸ ಸಿಬ್ಬಂದಿಗೆ ತಾಲೀಮು ಮಾಡಿಸಲು ಕರೆದಿದ್ದರು. ಅಲ್ಲಿಯೂ ಕೆಂಪಿಗೆ ಪೈಪೋಟಿ, ಕಪ್ಪಿಗೆ ಯಾರೂ ಇಲ್ಲ. ಒಬ್ಬ ಹುಡುಗಿ ನಗುತ್ತ ದಿಂಬು ತಂದಳು. ನಾನು ಬೇಡವೆಂದು ಪಟ್ಟಿಯನ್ನು ನನ್ನ ಕೈಗೇ ಕಟ್ಟಿಕೊಂಡೆ.

"ಅಯ್ಯೋ ಮೇಡಂ, ಈ ವಯಸ್ಸಲ್ಲಿ ನಿಮಗ್ಯಾಕೆ?"

"ಈ ವಯಸ್ಸಿಗೇ ಸರಿ ಕಣಮ್ಮ" ಎಂದು ಸ್ಟ್ರೆಚರಿನ ಮೇಲೆ ಮಲಗಿದೆ.

ಅಲ್ಲಿನ ವಯಸ್ಸಾದ ಕಾವಲುಗಾರನನ್ನು ನನ್ನ ಮನೆಯವರ ಜಾಗದಲ್ಲಿ ನಿಲ್ಲಿಸಿದ್ದೆ. ವಿಷಯ ತಿಳಿಸುವ ಕೆಲಸ ಆ ಹುಡುಗಿಗೇ ವಹಿಸಿದ್ದೆ. ಏನು ಹೇಳಬೇಕೆಂದು ಕಲಿಸಿರಲಿಲ್ಲ. ನನಗೆ ತಾನೇ ಎಲ್ಲಿ ಗೊತ್ತಿತ್ತು? ಕಣ್ಣು ಮುಚ್ಚಿದ್ದೆ. ಅವಳ ಚಪ್ಪಲಿಯ ಸದ್ದು ಹತ್ತಿರ ಬಂದು ನಿಂತಿತು. ಆಮೇಲೆ ಏನನ್ನೋ ಎಳೆದ ಸದ್ದು.

"ಅಪ್ಪಾ, ಮೊದ್ಲು ಕೂತ್ಕೊಳಿ" ಎಂದಳು.

ಗಂಜಿ ಡಬ್ಬಿಯ ಆ ಮುದುಕನಿಗೆ ಅವತ್ತು ನಾವು ಕೂರಲು ಒಂದು ಸ್ಟೂಲನ್ನೂ ಕೊಟ್ಟಿರಲಿಲ್ಲ.