ಹನ್ನೊಂದು ಸಾವಿರದ ಗೆರೆ

ಆ ಗುರುವಾರ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಸೆನ್ಸಾರ್ ತಮ್ಮ ಕೈಗೆ ಅಂಟಿದ್ದ ಪ್ಲಾಸ್ಟರ್ ಹಿಟ್ಟನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದುಕೊಂಡರು. ಉಗುರಿನ ಸಂದಿಯ ಬಿಳಿ ಹಾಗೇ ಉಳಿಯಿತು. ಅದು ಮೂವತ್ತು ವರ್ಷದಿಂದ ಉಳಿದೇ ಇದೆ. ಏಪ್ರನ್ ಕಳಚಿ ಮೊಳೆಗೆ ಸಿಕ್ಕಿಸಿ, ಬುತ್ತಿ ಡಬ್ಬಿ ಹಿಡಿದು ಮೆಟ್ಟಿಲಿಳಿದು, ರಸ್ತೆ ದಾಟಿ ಎದುರಿನ ಕಟಿಂಗ್ ಶಾಪಿಗೆ ಹೋದರು.

ಅವರ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಊರಿನ ಅರ್ಧ ಮುದುಕರ ಬಾಯಿ ಇವರಿಗೆ ಗೊತ್ತು, ಮುಖ ಗೊತ್ತಿಲ್ಲ. ವಯಸ್ಸು ಐವತ್ತೊಂದು. ಸೆನ್ಸಾರ್ ಎನ್ನುವುದು ರಸ್ತೆಯವರು ಇಟ್ಟ ಹೆಸರು. ಸಿನಿಮಾ, ಆಟಿಕೆ, ವಿಡಿಯೋ ಗೇಮು, ಈ ಮೂರರಲ್ಲಿ ಇವರ ತೀರ್ಪಿಲ್ಲದ ವಸ್ತು ಇಲ್ಲ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಸ್ವಲ್ಪ ಜೋರಾಗಿ ಹೇಳುತ್ತಾರೆ.

ಬ್ಯಾಟರಿಯ ಆಟಿಕೆ ತಾನೇ ಆಡುತ್ತದೆ, ಮಗು ಪ್ರೇಕ್ಷಕ ಆಗುತ್ತದೆ ಎಂಬುದು ಅವರ ದೂರು. ಕೀಲಿ ಕೊಡುವ ಆಟಿಕೆ ಅರ್ಧ ದಾರಿಗೇ ನಿಲ್ಲುತ್ತದೆ, ಮಗು ಎದ್ದು ಹೋಗಿ ಮತ್ತೆ ತಿರುಗಿಸಬೇಕು. ಅದೇ ಸರಿ. ಪೆಟ್ಟಿಗೆ ಬಿಚ್ಚದೆ ಕಪಾಟಿನಲ್ಲಿಟ್ಟ ಆಟಿಕೆಗಿಂತ ಚಕ್ರ ಕಳೆದುಕೊಂಡ ಆಟಿಕೆ ಮೇಲು. ಎಲ್ಲೆಂದರಲ್ಲಿ ಸೇವ್ ಮಾಡಿಕೊಳ್ಳಬಹುದಾದ ಗೇಮಿನಲ್ಲಿ ಭಯ ಇರುವುದಿಲ್ಲ, ಭಯ ಇಲ್ಲದ ಮೇಲೆ ಗೆದ್ದ ಸುಖವೂ ಇಲ್ಲ. ಇನ್ನು ಸಿನಿಮಾದ ಹೊಡೆದಾಟದ ವಿಷಯದಲ್ಲಿ ಅವರದು ಕಸುಬಿನ ತಕರಾರು: ಮೂವತ್ತು ಜನರ ಹತ್ತಿರ ಏಟು ತಿಂದ ಹೀರೊ ಕೊನೆಯಲ್ಲಿ ನಗುತ್ತಾನೆ, ಮೂವತ್ತೆರಡೂ ಹಲ್ಲು ಕಾಣುತ್ತವೆ. "ದವಡೆಗೆ ಬಿದ್ದ ಒಂದೇ ಒಂದು ಏಟಿಗೆ ಏನಾಗುತ್ತೆ ಅಂತ ನನ್ನ ಟೇಬಲ್ ಹತ್ರ ಬಂದು ನೋಡಲಿ" ಎನ್ನುತ್ತಾರೆ.

ಈ ಬುದ್ಧಿ ಅಕ್ಕನಿಂದ ಬಂದದ್ದು. ಹತ್ತು ವರ್ಷ ದೊಡ್ಡವಳು. ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ಶನಿವಾರ ಹೊಲಿಗೆ ಮುಗಿಸಿ, ತಮ್ಮನ ಕೈ ಹಿಡಿದು ಮ್ಯಾಟಿನಿಗೆ ಕರೆದುಕೊಂಡು ಹೋಗುವಳು. ಸಿನಿಮಾ ಬಿಟ್ಟ ಮೇಲೆ ಅವರಿಬ್ಬರದೊಂದು ನೇಮವಿತ್ತು. ಅಂಚೆ ಕಚೇರಿ ದಾಟುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ದಾಟಿದ ಮೇಲೆ ಮೊದಲು ತಮ್ಮ ಹೇಳಬೇಕು, ಆಮೇಲೆ ಅಕ್ಕ. "ಚೆನ್ನಾಗಿತ್ತು" ಅನ್ನುವ ಹಾಗಿಲ್ಲ.

"ಚೆನ್ನಾಗಿತ್ತು ಅನ್ನೋದು ನೆಂಟರ ಮನೇಲಿ ಊಟ ಆದಮೇಲೆ ಹೇಳೋ ಮಾತು ಕಣೋ. ಯಾವುದು ಚೆನ್ನಾಗಿತ್ತು, ಅದನ್ನ ಹೇಳು."

ಏಳು ವರ್ಷದ ಹುಡುಗ ಯೋಚಿಸಿ, ಖಳನಾಯಕನ ಮನೆಯ ಮೆಟ್ಟಿಲು ಎಂದು ಹೇಳಿದ್ದ. ಅಕ್ಕ ನಿಂತುಬಿಟ್ಟಳು. ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದಳು. ಮೆಟ್ಟಿಲಿಲ್ಲದ ಮನೆಯ ಖಳನಾಯಕನಿಗೆ ಸೆನ್ಸಾರ್ ಇವತ್ತಿಗೂ ಪಾಸು ಮಾರ್ಕು ಕೊಡುವುದಿಲ್ಲ.

ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಒಂದು ಬೆಂಚು, ಎರಡು ಗೋಡೆಗೆ ಕನ್ನಡಿ. ಮೂಲೆಯಲ್ಲಿ ಆಳೆತ್ತರದ ಒಂದು ಗೇಮ್ ಯಂತ್ರ. ಮುಚ್ಚಿಹೋದ ಯಾವುದೋ ಆಟದ ಅಂಗಡಿಯಿಂದ ಶಾಪಿನ ಯಜಮಾನರು ತಂದದ್ದು. ಕಾಯುವವರಿಗೆ ಬೇಸರ ಆಗದಿರಲಿ ಎಂದು ನಾಣ್ಯದ ಬಾಯಿ ಮುಚ್ಚಿ ಕರೆಗಂಟೆಯ ಗುಂಡಿ ಜೋಡಿಸಿದ್ದಾರೆ. ಒತ್ತಿದರೆ ಆಟ ಶುರು. ಮುಳುಗುಗಾರನೊಬ್ಬ ಸಮುದ್ರಕ್ಕೆ ಇಳಿದು ಚಿಪ್ಪು ಆರಿಸಬೇಕು. ಗಾಳಿ ಮುಗಿಯುವುದರೊಳಗೆ ಮೇಲೆ ಬಂದು ಉಸಿರು ತುಂಬಿಕೊಂಡು ಮತ್ತೆ ಇಳಿಯಬೇಕು. ಮೂರು ಮುಳುಗುಗಾರರು, ಮೂರು ಜೀವ. ಆಟ ಮುಗಿದ ಮೇಲೆ ಪರದೆಯ ಮೇಲೆ ಅತಿ ಹೆಚ್ಚು ಅಂಕ ಪಡೆದ ಹತ್ತು ಜನರ ಪಟ್ಟಿ, ಒಬ್ಬೊಬ್ಬರಿಗೆ ಮೂರು ಅಕ್ಷರ. ಕರೆಂಟು ತಪ್ಪಿದರೆ ಪಟ್ಟಿ ಪೂರ್ತಿ ಅಳಿಸಿಹೋಗುತ್ತದೆ. ಅದಕ್ಕಾಗಿ ಯಜಮಾನರು ಪ್ಲಗ್ಗಿಗೆ ಟೇಪು ಸುತ್ತಿ, ಕೆಳಗೊಂದು ಬ್ಯಾಟರಿ ಇಟ್ಟಿದ್ದಾರೆ.

ಹನ್ನೆರಡು ವರ್ಷದ ಹಿಂದೆ, ತಮ್ಮನ ಕ್ಷೌರ ಮುಗಿಯಲೆಂದು ಬೆಂಚಿನ ಮೇಲೆ ಕೂತಿದ್ದ ಅಕ್ಕ ಎದ್ದು ಗುಂಡಿ ಒತ್ತಿದಳು. ಅದಕ್ಕೆ ಮುಂಚೆ ಅವಳು ಇಂಥದ್ದನ್ನು ಮುಟ್ಟಿರಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ ತಮ್ಮ ಕನ್ನಡಿಯಲ್ಲಿ ನೋಡುತ್ತಾ "ಎಡಕ್ಕೆ ಅಕ್ಕಾ, ಎಡಕ್ಕೆ, ನಿನ್ನ ಎಡಕ್ಕೆ!" ಎಂದು ಕೂಗುತ್ತಿದ್ದರು. ಕನ್ನಡಿಯಲ್ಲಿ ಎಡಬಲ ತಿರುಗಿರುವುದರಿಂದ ಹೇಳಿದ್ದೆಲ್ಲ ತಪ್ಪು. "ಬಾಯಿ ಮುಚ್ಕೊಂಡು ಕೂದಲು ಕತ್ತರಿಸ್ಕೊಳ್ಳೋ" ಎಂದಳು ಅಕ್ಕ. ಹೊಲಿಗೆಯವಳ ಕೈ, ಅಳತೆ ತಪ್ಪುವುದಿಲ್ಲ. ಹನ್ನೊಂದು ಸಾವಿರದ ಮುನ್ನೂರ ನಲವತ್ತು ಬಂತು, ಪಟ್ಟಿಯಲ್ಲಿ ಆರನೆಯ ಸಾಲು. ಯಂತ್ರ ಮೂರು ಅಕ್ಷರ ಕೇಳಿದಾಗ ಅವಳು ತನ್ನ ಹೆಸರು ಹಾಕಲಿಲ್ಲ. ತಮ್ಮ ಕರೆಯುವುದನ್ನೇ ಹಾಕಿದಳು: ಎ, ಕೆ, ಕೆ.

ಮೂರು ವರ್ಷದ ನಂತರ ಅಕ್ಕ ತೀರಿಕೊಂಡಳು. ಆ ಹೊತ್ತಿಗೆ ಬೇರೆಯವರ ಅಂಕಗಳು ಮೇಲೇರಿ ಅವಳ ಸಾಲು ಹತ್ತಕ್ಕೆ ಇಳಿದಿತ್ತು. ಇನ್ನೊಬ್ಬರು ಅವಳನ್ನು ದಾಟಿದರೆ ಎ ಕೆ ಕೆ ಪಟ್ಟಿಯಿಂದ ಹೊರಗೆ. ಅವಳು ಹೋದ ಮರುವಾರ ಯಜಮಾನರು ಬಿಡುವಿನಲ್ಲಿ ಆಡುತ್ತಿದ್ದರು. ಹತ್ತು ಸಾವಿರದ ಒಂಬೈನೂರು ಬಂದಾಗ ಹಿಡಿಕೆಯಿಂದ ಕೈ ತೆಗೆದು ಸುಮ್ಮನೆ ನಿಂತರು. ಮುಳುಗುಗಾರ ಗುಳುಗುಳು ಎಂದು ಮುಳುಗಿದ. ಬೆಂಚಿನ ಮೇಲಿದ್ದವರು ನೋಡಿದರು. ನಂತರ ಆಡಿದವನೂ ಹಾಗೇ ಮಾಡಿದ.

ಅಲ್ಲಿಂದ ಅದು ರೂಢಿಯಾಯಿತು. ಹನ್ನೊಂದು ಸಾವಿರ ಹತ್ತಿರ ಬಂದರೆ ಕೈ ಬಿಡಬೇಕು. ಹೊಸಬರಿಗೆ ಪಕ್ಕದವರು ಕಿವಿಯಲ್ಲಿ ಹೇಳುತ್ತಾರೆ. ಹೇಳಿದರೂ ಕೇಳದೆ ಚೆನ್ನಾಗಿ ಆಡುವವನು ಸಿಕ್ಕಿದರೆ, ಹತ್ತು ಸಾವಿರ ಆಗುತ್ತಿದ್ದಂತೆ ಯಜಮಾನರು ಸರದಿ ಇಲ್ಲದಿದ್ದರೂ ಅವನನ್ನು ಕುರ್ಚಿಗೆ ಕರೆಯುತ್ತಾರೆ. ಒಬ್ಬ ಸೇಲ್ಸ್‌ಮನ್‌ಗೆ ಹೀಗೆ ಹತ್ತು ದಿನದಲ್ಲಿ ಎರಡು ಸಲ ಕಟಿಂಗ್ ಆಗಿದೆ.

ಸೆನ್ಸಾರ್ ದಿನವೂ ಆಡುತ್ತಿದ್ದರು. ದಿನವೂ ಹನ್ನೊಂದು ಸಾವಿರಕ್ಕೆ ಮೂವರನ್ನೂ ಮುಳುಗಿಸಿ, ಪಟ್ಟಿ ಬರುವ ತನಕ ನಿಂತು, ಹತ್ತನೆಯ ಸಾಲು ಓದಿ, ಬುತ್ತಿ ಬಿಚ್ಚುತ್ತಿದ್ದರು.

ಆ ಗುರುವಾರ ಬೆಂಚಿನ ಮೇಲೆ ಪಕ್ಕದ ಕನ್ನಡಕದಂಗಡಿಯವನು ಕೂತಿದ್ದ. ಅವನ ಅಡ್ಡಹೆಸರು ಪಾರ್ಟ್ ಟೂ. ಯಾವ ಸಿನಿಮಾ ಆದರೂ ಎರಡನೆಯ ಭಾಗವೇ ಚೆಂದ ಎನ್ನುವವನು. ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಒಬ್ಬ ಬಸ್ ಡ್ರೈವರ್. ಸೆನ್ಸಾರ್ ಎರಡನೆಯ ಮುಳುಗುಗಾರನಲ್ಲಿದ್ದರು, ಅಂಕ ಒಂಬತ್ತು ಸಾವಿರ.

"ಹಳೇ ಕಪ್ಪುಬಿಳುಪು ಪತ್ತೇದಾರಿ ಸಿನಿಮಾ ಇತ್ತಲ್ಲ, ಅದಕ್ಕೆ ಬಣ್ಣ ಹಾಕಿ ಬಿಟ್ಟಿದ್ದಾರೆ. ನಿನ್ನೆ ನೋಡ್ದೆ. ಏನ್ ಕಳೆ ಬಂದಿದೆ ಅಂತೀಯ!" ಎಂದ ಪಾರ್ಟ್ ಟೂ.

"ಅಜ್ಜಿಗೆ ಲಿಪ್‌ಸ್ಟಿಕ್ ಹಚ್ಚಿದ್ರೂ ಕಳೆ ಬರುತ್ತೆ. ಅಜ್ಜಿಯನ್ನ ಕೇಳಿದ್ರಾ?"

"ಅಲ್ಲಯ್ಯಾ, ಆಗ ಬಣ್ಣ ಇದ್ದಿದ್ರೆ ಅವ್ರೇ ಹಾಕ್ತಿದ್ರು."

"ಇರ್ಲಿಲ್ಲ! ಇರ್ಲಿಲ್ಲ ಅಂತಾನೇ ನೆರಳಲ್ಲಿ ಕತೆ ಹೇಳಿದ್ರು. ಆ ಕೊಲೆಗಾರನ ಕೋಟು ಏನ್ ಬಣ್ಣ ಅಂತ ನಾನು ನಲವತ್ತು ವರ್ಷ ಯೋಚ್ನೆ ಮಾಡಿದ್ದೀನಿ."

"ಕಂದು."

"ಹೇಳ್ಬೇಡ!"

"ಕಂದು ಬಣ್ಣ ಕಣಯ್ಯಾ. ಗುಂಡಿ ಹಳದಿ."

ಸೆನ್ಸಾರ್ ತಲೆ ತಿರುಗಿಸಿ, ಕನ್ನಡಿಯಲ್ಲಿ ಕಾಣುತ್ತಿದ್ದ ಪಾರ್ಟ್ ಟೂ ಮುಖವನ್ನೇ ದಿಟ್ಟಿಸುತ್ತಾ ವಾದಕ್ಕೆ ಬಿದ್ದರು. ಒಂಬತ್ತು ವರ್ಷ ದಿನಾ ಅದೇ ನೀರಿನಲ್ಲಿ ಮುಳುಗಿದ ಕೈಗೆ ಕಣ್ಣು ಬೇಕಿರಲಿಲ್ಲ. ಬಾಯಿ ಒಂದು ಕಡೆ ಹೋಯಿತು, ಕೈ ಒಂದು ಕಡೆ. ನಾಲ್ಕೈದು ನಿಮಿಷದ ಬಳಿಕ ಯಂತ್ರ ಮೂರು ಸಲ ಗಂಟೆ ಹೊಡೆಯಿತು. ಹನ್ನೆರಡು ಸಾವಿರಕ್ಕೆ ಅದು ಗಂಟೆ ಹೊಡೆಯುತ್ತದೆ. ಆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಯಾರೂ ಕೇಳದ ಗಂಟೆ.

ಯಜಮಾನರ ಕತ್ತಿ ಡ್ರೈವರನ ಕೆನ್ನೆಯ ಮೇಲೆ ನಿಂತಿತು.

"ಏನು, ಏನಾಯ್ತು?" ಎಂದ ಡ್ರೈವರ್. ಅವನಿಗೆ ರೂಢಿ ಗೊತ್ತಿರಲಿಲ್ಲ. ಪಾರ್ಟ್ ಟೂ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ.

ಸೆನ್ಸಾರ್ ಆಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸುವಂತಿರಲಿಲ್ಲ. ಆಟ ಮುಗಿದ ಕ್ಷಣ ಹೊಸ ಅಂಕ ಪಟ್ಟಿಗೆ ಸೇರುತ್ತದೆ, ಹತ್ತನೆಯದು ಹೊರಗೆ ಬೀಳುತ್ತದೆ. ಮುಖ ಮಾತ್ರ ಅಚ್ಚಿನ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು.

"ಪ್ಲಗ್ಗು, ಬ್ಯಾಟರಿ ಎರಡೂ ಕಿತ್ತುಬಿಡ್ಲಾ?" ಎಂದರು ಯಜಮಾನರು. "ಎರಡನೇ ಸಾಲಲ್ಲಿ ನಾನಿದ್ದೀನಿ. ಹೋದ್ರೆ ಹೋಗ್ಲಿ."

"ಕಿತ್ರೂ ಅವಳು ಹೋಗ್ತಾಳೆ, ಮುಳುಗಿದ್ರೂ ಹೋಗ್ತಾಳೆ," ಎಂದರು ಸೆನ್ಸಾರ್.

"ಹಂಗಾದ್ರೆ ಮುಳುಗ್ಬೇಡ. ಆಡ್ತಾ ಇರು."

ಆಡುತ್ತಾ ಇದ್ದರು. ಎರಡನೆಯವನು ಹದಿನಾಲ್ಕು ಸಾವಿರಕ್ಕೆ ಸತ್ತ. ಉಳಿದದ್ದು ಒಬ್ಬ. ಹದಿನೈದು ಸಾವಿರ ದಾಟಿದಾಗ ಸಮುದ್ರದ ನೀಲಿ ಕಪ್ಪಾಗಿ, ತಳದಲ್ಲಿ ಒಂದು ಮುಳುಗಿದ ಹಡಗು ಕಾಣಿಸಿತು. ಡ್ರೈವರ್ ನೊರೆ ಸಮೇತ ಎದ್ದು ಬಂದು ಹಿಂದೆ ನಿಂತ. ಆ ಹಡಗು ಮೂಲೆಯ ಯಂತ್ರದಲ್ಲಿ ಅಷ್ಟು ವರ್ಷ ಇತ್ತು. ರೂಢಿ ಬಂದಮೇಲೆ ಅಲ್ಲಿಗೆ ಯಾರೂ ಇಳಿದಿರಲಿಲ್ಲ.

"ಒಂದು ಉಪಾಯ ಇದೆ," ಎಂದ ಪಾರ್ಟ್ ಟೂ. "ಮುಗಿದಾಗ ಅಕ್ಷರ ಕೇಳುತ್ತಲ್ಲ, ಅಕ್ಕನದೇ ಹಾಕ್ಬಿಡು. ಹತ್ತರಿಂದ ಮೇಲಕ್ಕೆ ಬರ್ತಾಳೆ. ಇನ್ನು ಹತ್ತು ವರ್ಷ ಯಾರೂ ಅಲ್ಲಾಡ್ಸಲ್ಲ."

"ಹೌದಲ್ವಾ," ಎಂದರು ಯಜಮಾನರು.

"ಅದು ಅವಳ ಅಂಕ ಅಲ್ಲ."

"ಯಂತ್ರಕ್ಕೆ ಗೊತ್ತಾಗುತ್ತಾ?"

"ನಾನು ಓದೋದು ತಾನೇ ದಿನಾ? ನಂಗೆ ಗೊತ್ತಾಗುತ್ತೆ."

"ನಿಂದು ಅತಿ ಆಯ್ತು ಸೆನ್ಸಾರ್. ಇಲ್ಲೂ ಕತ್ತರಿನಾ?" ಎಂದ ಪಾರ್ಟ್ ಟೂ.

ಹದಿನೇಳು ಸಾವಿರ. ಹಡಗಿನ ಒಳಗೆ ಕೋಣೆಗಳಿದ್ದವು. ಸೆನ್ಸಾರ್ ಪರದೆಯಿಂದ ಕಣ್ಣು ತೆಗೆಯದೆ ಮಾತಾಡತೊಡಗಿದರು, ಯಾರಿಗೆಂದು ಹೇಳುವುದು ಕಷ್ಟ. ಚಿಕ್ಕವರಿದ್ದಾಗ ಮನೆಯಲ್ಲಿ ಒಂದು ರಟ್ಟಿನ ಹಾವು ಏಣಿಯಾಟ ಇತ್ತು. ಇವರಿಗೆ ಆರು, ಅಕ್ಕನಿಗೆ ಹದಿನಾರು. ಒಂದು ದಿನವೂ ಅಕ್ಕ ಬೇಕೆಂದು ಸೋತವಳಲ್ಲ. ಹಾವು ಕಚ್ಚಿದ ಕಾಯನ್ನು ಇವರು ಮೆಲ್ಲಗೆ ಮೇಲೆ ತಳ್ಳಿದರೆ, ಮಣಿಕಟ್ಟು ಹಿಡಿದು ವಾಪಸು ಇಡಿಸುವಳು. ಇವರು ಅತ್ತು ರಂಪ ಮಾಡಿದರೆ ಅಮ್ಮ ಒಳಗಿನಿಂದ ಬೈಯುವಳು: "ಮಗು ಕೈಲಿ ಒಂದ್ಸಲ ಸೋತ್ರೆ ನಿನ್ನ ಗಂಟೇನು ಹೋಗುತ್ತೇ?" ಅಕ್ಕ ಜಗ್ಗುತ್ತಿರಲಿಲ್ಲ. "ನಾನು ಸುಳ್ಳು ಸೋತ್ರೆ ಇವನು ಸುಳ್ಳು ಗೆಲ್ತಾನೆ. ಆಮೇಲೆ ನಂಗೆ ಆಡೋಕೆ ಯಾರಿರ್ತಾರೆ?"

"ಇಲ್ಲಿ ನಾವೆಲ್ಲ ಒಂಬತ್ತು ವರ್ಷ ಸುಳ್ಳು ಸೋತ್ವಿ," ಎಂದರು ಸೆನ್ಸಾರ್.

ಯಜಮಾನರು ಕತ್ತಿ ಒರೆಸುತ್ತಾ ಹೇಳಿದರು: "ಪ್ರೀತಿಗೆ ಸೋತ್ವಿ ಕಣಪ್ಪಾ. ಅದು ಸುಳ್ಳಾಗುತ್ತಾ?"

ಸೆನ್ಸಾರ್ ಮುಳುಗುಗಾರನನ್ನು ಹಡಗಿನ ಇನ್ನೊಂದು ಕೋಣೆಗೆ ಇಳಿಸಿದರು.

ಊಟದ ವೇಳೆ ಮುಗಿದು ಹತ್ತು ನಿಮಿಷ ಕಳೆದಿತ್ತು. ಹತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತಕ್ಕೆ, ಹಡಗಿನ ಮೂರನೆಯ ಕೋಣೆಯಲ್ಲಿ, ಮುಳುಗುಗಾರನ ಗಾಳಿ ಮುಗಿಯಿತು. ಈ ಸಲ ಕೈ ಬಿಟ್ಟದ್ದಲ್ಲ, ಬಾಗಿಲು ಹುಡುಕುವುದು ತಡವಾಯಿತು. ಯಂತ್ರ ಅಕ್ಷರ ಕೇಳಿತು, ಮೂವತ್ತರಿಂದ ಕೆಳಕ್ಕೆ ಎಣಿಸತೊಡಗಿತು. ಸೆನ್ಸಾರ್ ಹಿಡಿಕೆ ತಿರುಗಿಸಿ ಎ ತಂದರು. ಅಲ್ಲೇ ನಿಲ್ಲಿಸಿದರು. ಇಪ್ಪತ್ತು, ಹತ್ತೊಂಬತ್ತು. ಹನ್ನೊಂದಕ್ಕೆ ಬಂದಾಗ ಹಿಡಿಕೆ ಮತ್ತೆ ತಿರುಗಿತು. ಒಂದೊಂದಾಗಿ ತಮ್ಮವೇ ಮೂರು ಅಕ್ಷರ ಹಾಕಿ ಗುಂಡಿ ಒತ್ತಿದರು.

ಪಟ್ಟಿ ಬಂತು. ಅವರು ನಾಲ್ಕನೆಯವರು. ಹತ್ತನೆಯ ಸಾಲಿನಲ್ಲಿ, ಊರು ಬಿಟ್ಟು ಹೋದ ಒಬ್ಬ ಗಡಿಯಾರ ರಿಪೇರಿಯವನ ಅಕ್ಷರಗಳಿದ್ದವು.

ಸೆನ್ಸಾರ್ ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಕ್ಕೆ ಓದಿದರು. ಬುತ್ತಿ ಡಬ್ಬಿಯನ್ನು ಬಿಚ್ಚದೆಯೇ ಕೈಗೆತ್ತಿಕೊಂಡರು.

"ಹಡಗು ಹೆಂಗಿತ್ತು?" ಕೇಳಿದ ಪಾರ್ಟ್ ಟೂ, ಏನಾದರೂ ಕೇಳಬೇಕಲ್ಲ ಎಂದು.

ಸೆನ್ಸಾರ್ ಹೊಸ್ತಿಲ ಹತ್ತಿರ ನಿಂತರು. ಉತ್ತರ ಬರಲು ಅಂಚೆ ಕಚೇರಿ ದಾಟುವಷ್ಟೇ ಹೊತ್ತು ಹಿಡಿಯಿತು.

"ಮೊದಲನೇ ಕೋಣೆಯ ಕತ್ತಲೆ," ಎಂದರು. "ಅದೊಂದು."

ರಸ್ತೆ ದಾಟಿ ಮೇಲೆ ಹೋದರು. ಆ ದಿನ ಸಂಜೆಯೊಳಗೆ ಒಂದು ಪೂರ್ತಿ ಸೆಟ್ಟು ಮುಗಿಸಬೇಕಿತ್ತು, ಮುಗಿಸಿದರು.

ಸುದ್ದಿ ರಸ್ತೆಯ ತುಂಬ ಹರಡಿತು. ಮುಂದಿನ ಸೋಮವಾರ ಹನ್ನೆರಡೂಮುಕ್ಕಾಲಿಗೆ ಸೆನ್ಸಾರ್ ಕಟಿಂಗ್ ಶಾಪಿಗೆ ಬಂದಾಗ ಯಜಮಾನರೇ ಹದಿಮೂರು ಸಾವಿರದಲ್ಲಿದ್ದರು. ಅವರ ಹಿಂದೆ ಪಾರ್ಟ್ ಟೂ, ಅವನ ಹಿಂದೆ ಬಸ್ ಡ್ರೈವರ್. ಸೆನ್ಸಾರ್ ಬೆಂಚಿನ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದರು. ಅವರ ಸರದಿ ಬಂದಾಗ ಗಂಟೆ ಒಂದೂ ಇಪ್ಪತ್ತು.