ಅಳತೆ ಕೊಡುವ ಸರದಿ

ಸಿಂಧನೂರಿನ ನಮ್ಮ ಓಣಿಯಲ್ಲಿ, ಆಚೆ ಸಾಲಗುಂದ, ದಢೇಸುಗೂರಿನ ತನಕ, ಯಾವ ಹೆಂಗಸಿನ ಸೊಂಟ ಎಷ್ಟು ಇಂಚು, ಯಾರ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿದಿದೆ ಎಂಬುದೆಲ್ಲ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ಬ್ಲೌಸ್ ಹೊಲಿದವಳಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ? ದಾರಿಯಲ್ಲಿ ಎದುರಾದವರ ಮುಖಕ್ಕಿಂತ ಮೊದಲು ಅವರ ತೋಳಿನ ಫಿಟ್ಟಿಂಗ್ ಕಡೆಗೆ ನನ್ನ ಕಣ್ಣು ಹೋಗುತ್ತದೆ. ನನ್ನ ಗಂಡ ಇದನ್ನು ಕೆಟ್ಟ ಚಾಳಿ ಎನ್ನುತ್ತಾರೆ. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅವರು ಎಲ್ಲಿ ಹೋದರೂ ಮೋಟಾರಿನ ಸದ್ದಿಗೆ ಕಿವಿಗೊಡುವುದನ್ನು ನಾನು ಏನೆನ್ನಬೇಕೋ ತಿಳಿಯದು.

ಭತ್ತದ ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳುವುದನ್ನು ನಿಲ್ಲಿಸಿತು. ಮೊದಲು ಮೇಲಿನ ಹಲಗೆಯ ದಾರದ ಡಬ್ಬಿ ಕೈಗೆ ಸಿಗದಾಯಿತು. ಆಮೇಲೆ ಜಡೆ ಹೆಣೆದುಕೊಳ್ಳಲು ಆಗದಾಯಿತು, ಮಗಳು ಹೆಣೆಯತೊಡಗಿದಳು. ಎತ್ತರದ ಹೆಂಗಸರು ಬಂದರೆ ಅವರ ಭುಜದ ಅಳತೆ ತೆಗೆಯಲಾಗದೆ, ಹಳೆಯದೊಂದು ಅಳತೆ ಬ್ಲೌಸ್ ತಂದುಬಿಡಿ ಎಂದು ನೆಪ ಹೇಳಿ ಕಳಿಸುತ್ತಿದ್ದೆ. ಕೈ ಕೆಟ್ಟಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಬ್ಲೌಸ್ ಹೊಲಿಸುವ ಹೆಂಗಸು ಒಮ್ಮೆ ಬೇರೆ ಟೇಲರ್ ಹತ್ತಿರ ಹೋಗಿ ಫಿಟ್ಟಿಂಗ್ ಕೂಡಿಬಂತೆಂದರೆ ಮತ್ತೆ ಈ ಕಡೆ ತಿರುಗಿ ನೋಡುವುದಿಲ್ಲ. ನಾನೇ ಹಾಗೆ ಎಷ್ಟೋ ಜನರನ್ನು ಬೇರೆಯವರಿಂದ ಕಿತ್ತುಕೊಂಡವಳು, ಆದ್ದರಿಂದ ಹೆದರಿಕೆ ಚೆನ್ನಾಗಿಯೇ ಇತ್ತು.

ಸಿಂಧನೂರಿನ ಡಾಕ್ಟರ ಬಾಗಿಲಲ್ಲಿ ಕೂತರೆ ಬೆಂಚಿನ ತುಂಬ ನನ್ನ ಗಿರಾಕಿಗಳೇ ಇರುತ್ತಾರೆಂದು ಮಸ್ಕಿ ದಾಟಿ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದೆ. ದಾರಿಯಲ್ಲಿ ನನ್ನ ತವರು ಸಂತೆಕಲ್ಲೂರು ಬಂದಾಗ ಯಾರಾದರೂ ಹತ್ತಿಯಾರೆಂದು ಮುಖದ ಮೇಲೆ ನಖಾಬು ಎಳೆದುಕೊಂಡೆ. ಲಿಂಗಸುಗೂರಿನ ಮೂಳೆ ಡಾಕ್ಟರು ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಕೀಲು ಬಿಗಿದುಕೊಂಡಿದೆ, ಗುಳಿಗೆ ನೋವಿಗಷ್ಟೇ, ದಿನಾ ವ್ಯಾಯಾಮ ಮಾಡಿಸುವವರು ಬೇಕು, ಬಿಟ್ಟರೆ ಕತ್ತರಿ ಹಿಡಿಯುವುದೂ ಕಷ್ಟವಾದೀತು ಎಂದರು. ನಿಮ್ಮೂರಲ್ಲಿ ಜಿಮ್ ಇಲ್ಲವೇ ಎಂದು ಕೇಳಿದರು. ನನಗೆ ನಗು ಬಂತು. ವಾಪಸು ಬರುವಾಗ ಮಾತ್ರ ಮಸ್ಕಿಯ ತನಕ ಅದನ್ನೇ ಯೋಚಿಸುತ್ತಿದ್ದೆ.

ಜಿಮ್ ಇತ್ತು. ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಂಜೆ ಐದರಿಂದ ಆರೂವರೆ ಹೆಂಗಸರಿಗೆ. ಎರಡು ಸಂಜೆ ಅದರ ಮುಂದೆ ಸುಮ್ಮನೆ ಹಾದುಹೋದೆ. ಮೂರನೆಯ ಸಂಜೆ ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಹೋದೆ. ಚೀಲ ಇದ್ದರೆ ಧೈರ್ಯ. ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅಂಗಡಿಯವರು, ಮೇಲೆ ಯಾರಿಗೋ ಬ್ಲೌಸ್ ಕೊಡಲು ಬಂದಿದ್ದೀರೇನು ಎಂದು ಕೇಳಿದರು. ಹೌದೆಂದುಬಿಟ್ಟೆ. ಹಾಗೆ ಅಂದ ಮೇಲೆ ಅಲ್ಲಿ ಒಂದು ತಾಸು ಇರುವುದು ಹೇಗೆ? ಬಾಗಿಲ ತನಕ ಹತ್ತಿ, ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು ಕೇಳಿ, ಐದು ನಿಮಿಷ ನಿಂತು ಇಳಿದು ಬಂದೆ. ಅವರು ಕೊಟ್ಟಿರಾ ಎಂದರು, ಕೊಟ್ಟೆ ಎಂದೆ. ಮನೆಗೆ ಬರುವ ತನಕ ನನ್ನನ್ನೇ ಬೈದುಕೊಂಡೆ.

ಮರುದಿನ ಚೀಲ ಬಿಟ್ಟು ಹೋದೆ. ಯಾರೂ ಏನೂ ಕೇಳಲಿಲ್ಲ. ಒಳಗೆ ಮೂರು ಗೋಡೆಗೂ ಕನ್ನಡಿ. ಕನ್ನಡಿ ನನಗೆ ಹೊಸದಲ್ಲ, ಆದರೆ ನನ್ನ ಅಂಗಡಿಯಲ್ಲಿ ಕನ್ನಡಿಯ ಎದುರು ನಿಲ್ಲುವವರು ಗಿರಾಕಿಗಳು, ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವರ ಬೆನ್ನ ಹಿಂದೆ ಇರುವವಳು. ಇಲ್ಲಿ ಅಡಗಲು ಯಾರ ಬೆನ್ನೂ ಇರಲಿಲ್ಲ. ಬುರ್ಖಾ ತೆಗೆದು ಮೊಳೆಗೆ ಹಾಕಿ, ಮಗಳ ಹಳೆಯ ಚೂಡಿದಾರದಲ್ಲಿ ನಿಂತೆ. ನಾಲ್ಕು ಹೆಂಗಸರಿದ್ದರು, ನಾಲ್ವರೂ ನನ್ನ ಗಿರಾಕಿಗಳು. ನಾನು ಒಳಗೆ ಬಂದದ್ದೇ ತಡ ಮಾತು ನಿಂತಿತು. ಒಬ್ಬಾಕೆ ದುಪಟ್ಟಾವನ್ನು ಹೊಟ್ಟೆಯ ಮೇಲೆ ಹರಡಿಕೊಂಡಳು. ಹೈಸ್ಕೂಲಿನ ಟೀಚರೊಬ್ಬರು ನಡೆಯುವ ಮಷಿನ್ ನಿಲ್ಲಿಸಿ ಕೆಳಗಿಳಿದು ಗೋಡೆ ಕಡೆ ತಿರುಗಿ ನೀರು ಕುಡಿಯತೊಡಗಿದರು. ನನ್ನನ್ನು ನೋಡಿ ನಗು ತಡೆಯುತ್ತಿದ್ದಾರೆ ಎಂದುಕೊಂಡು ಕಿವಿ ಬಿಸಿಯಾಯಿತು.

ಜಿಮ್ಮಿನ ಟ್ರೇನರ್ ಇಪ್ಪತ್ತನಾಲ್ಕರ ಹುಡುಗಿ. ಕಬಡ್ಡಿ ಆಡಿದವಳು, ಮಸ್ಕಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಏನು ಕಡಿಮೆ ಮಾಡಬೇಕು ಎಂದು ಕೇಳಿದಳು. ನಾಲ್ಕು ಜೊತೆ ಕಿವಿಗಳು ಈ ಕಡೆಗೇ ಇದ್ದವು. ಹೊಟ್ಟೆ ಎಂದೆ. ಅವಳು ನಂಬಿದಳು, ನಂಬುವಂತೆಯೇ ಇತ್ತು ನನ್ನ ಹೊಟ್ಟೆ.

ಹೀಗೆ ಕೈ ಕೆಟ್ಟವಳು ಹತ್ತು ದಿನ ಕಾಲಿನ ವ್ಯಾಯಾಮ ಮಾಡಿದೆ. ಮಷಿನ್ ಮೇಲೆ ನಡೆದೆ, ಚಕ್ರ ಎರಡೂ ಇಲ್ಲದ ಸೈಕಲ್ ತುಳಿದೆ. ಕೈ ಎತ್ತುವ ಪಾಠ ಬಂದರೆ ಬಚ್ಚಲಿಗೆ ಹೋಗಿ ಬರುವೆ ಎಂದು ಜಾರಿಕೊಳ್ಳುತ್ತಿದ್ದೆ. ಬೇಸರವೇನೂ ಆಗಲಿಲ್ಲ, ಏಕೆಂದರೆ ನೋಡಲು ಅಷ್ಟೊಂದು ಇತ್ತು. ಬಟ್ಟೆಯ ಮೇಲಿಂದ ನನಗೆ ಗೊತ್ತಿದ್ದ ಬೆನ್ನುಗಳು ಬಾಗಿದಾಗ, ಎದ್ದಾಗ ಬೇರೆಯೇ ಆಕಾರ ತಾಳುತ್ತಿದ್ದವು. ನಿಂತಾಗ ಅಳತೆ ತೆಗೆದು ಹೊಲಿದ ಬ್ಲೌಸು ರೊಟ್ಟಿ ಬಡಿಯುವಾಗ ಕಂಕುಳಲ್ಲಿ ಏಕೆ ಹರಿಯುತ್ತದೆ ಎಂಬುದು ಇಪ್ಪತ್ತೆರಡು ವರ್ಷದ ಮೇಲೆ ಅಲ್ಲಿ ತಿಳಿಯಿತು. ಅಷ್ಟು ದಿನ ಗಿರಾಕಿಗಳಿಗೆ, ನೀವು ದಪ್ಪಗಾಗಿದ್ದೀರಿ ಎನ್ನುತ್ತಿದ್ದೆ.

ಒಂದು ಸಂಜೆ ಮಷಿನ್ ಪಕ್ಕದಲ್ಲಿ ನಿಂತಾಗ, ನಾನು ಬಂದ ಕೂಡಲೆ ಇವರೆಲ್ಲ ಏಕೆ ಮೌನವಾಗುತ್ತಾರೆ ಎಂದು ಟ್ರೇನರ್ ಹುಡುಗಿಯನ್ನು ಕೇಳಿದೆ. ಅವಳು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಿಮಗ ಹೆದರ್ತಾರ್ರೀ ಆಪಾ. ಯಾರದು ಎಷ್ಟ್ ಇತ್ತು, ಈಗ ಎಷ್ಟ್ ಆಗೇತಿ ಅಂತ ಈ ಊರಾಗ ನಿಮ್ಗೊಬ್ರಿಗೇ ಗೊತ್ತೈತಿ."

ನಾನು ಇವರಿಗೆ ಹೆದರಿ ಮೂರು ದಿನ ಒಳಗೆ ಕಾಲಿಡದವಳು, ಇವರು ನನಗೆ ಹೆದರಿ ಹೊಟ್ಟೆ ಒಳಗೆಳೆದುಕೊಂಡು ನಡೆಯುತ್ತಿದ್ದರು. ಖುಷಿಯಾಯಿತು ಎಂದರೆ ಸುಳ್ಳಲ್ಲ. ಆ ಖುಷಿ ನನ್ನ ತಲೆಗೇರಿತೇನೋ, ಮರುದಿನವೇ ಎಡವಟ್ಟು ಮಾಡಿದೆ.

ಆ ದಿನ ಎಲ್ಲರ ಅಳತೆ ಬರೆದುಕೊಳ್ಳುವ ದಿನ. ಟ್ರೇನರ್ ಹುಡುಗಿ ಟೇಪು ಹಿಡಿದದ್ದು ನೋಡಿದರೆ ನನ್ನ ಜೀವ ಚಡಪಡಿಸಿತು. ದುಪಟ್ಟಾದ ಮೇಲೆಯೇ ಸುತ್ತುತ್ತಿದ್ದಳು, ಮುಂದೆ ಹೊಕ್ಕುಳ ಮೇಲಿದ್ದರೆ ಹಿಂದೆ ಟೇಪು ನಾಲ್ಕು ಬೆರಳು ಇಳಿದಿತ್ತು. ಟೀಚರ ಸರದಿ ಬರುವ ತನಕ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಕೊಡು ಇಲ್ಲಿ ಎಂದು ಟೇಪು ಕಸಿದುಕೊಂಡೆ. ಸೊಂಟಕ್ಕೆ ಕೈ ಎತ್ತಬೇಕಿಲ್ಲವಲ್ಲ. ಸುತ್ತಿ, ಬೆರಳಿಟ್ಟು, ಅಂಗಡಿಯಲ್ಲಿ ಮಗಳು ಬರೆದುಕೊಳ್ಳಲಿ ಎಂದು ಕೂಗುವ ಹಾಗೆ ದೊಡ್ಡ ದನಿಯಲ್ಲಿ ಕೂಗಿದೆ.

"ಮೂವತ್ತೊಂಬತ್ತೂವರಿ."

ಟೀಚರು ಎತ್ತರದ ಹೆಂಗಸು, ಹಣೆಯಲ್ಲಿ ವಿಭೂತಿ, ಶಾಲೆಯಲ್ಲಿ ಅವರು ಕಾರಿಡಾರಿಗೆ ಬಂದರೆ ಗದ್ದಲ ನಿಲ್ಲುತ್ತದೆಯಂತೆ. ಅವರ ಮುಖ ಕೆಂಪಾಯಿತು. ಚಪ್ಪಲಿ ಮೆಟ್ಟಿ ಇಳಿದು ಹೋದರು. ನಾಲ್ಕು ದಿನ ಬರಲಿಲ್ಲ.

ಮೊದಲೆರಡು ದಿನ ನನಗೆ ಸಿಟ್ಟು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪೇನು, ಟೇಪು ಸುಳ್ಳು ಹೇಳುತ್ತದೆಯೇ ಎಂದು ಗಂಡನ ಮುಂದೆ ಹಾರಾಡಿದೆ. ಮೂರನೆಯ ದಿನ ನಾಚಿಕೆಯಾಯಿತು. ನನ್ನ ಕೈಯ ಗುಟ್ಟನ್ನು ಬುರ್ಖಾದೊಳಗೆ ಲಿಂಗಸುಗೂರಿನ ತನಕ ಹೊತ್ತುಕೊಂಡು ಹೋದವಳು ನಾನು. ಇನ್ನೊಬ್ಬರ ಗುಟ್ಟನ್ನು ನಾಲ್ವರೆದುರು ಕೂಗಿದ್ದೆ.

ಐದನೆಯ ದಿನ ಟೀಚರು ಬಂದರು. ಚೀಲ ಇಡುವ ಮೊದಲೇ ಮೊಳೆಗೆ ತೂಗುತ್ತಿದ್ದ ಟೇಪು ತೆಗೆದುಕೊಂಡು ನೇರ ನನ್ನ ಮುಂದೆ ನಿಂತರು.

"ಇವತ್ತ ನಿಮ್ಮ ಸರದಿ. ಎರಡೂ ಕೈ ಎತ್ರಿ."

ಆಗ ಹೊಳೆಯಿತು, ನನ್ನ ಅಳತೆಯನ್ನು ಇದುವರೆಗೆ ಯಾರೂ ತೆಗೆದೇ ಇಲ್ಲ. ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುತ್ತೇನೆ, ಹಳೆಯದನ್ನು ಹೊಸ ಬಟ್ಟೆಯ ಮೇಲೆ ಹಾಸಿ ಕತ್ತರಿಸುತ್ತೇನೆ. ಮೈಗೆ ಟೇಪು ಸುತ್ತಿಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕುತೂಹಲವಾಯಿತು. ಎಡಗೈ ಎತ್ತಿದೆ. ಬಲಗೈ ಎದೆಯ ತನಕ ಬಂದು ನಿಂತಿತು. ನಾನು ಹಟ ಮಾಡುತ್ತಿದ್ದೇನೆ ಎಂದುಕೊಂಡ ಟೀಚರು ಮೊಣಕೈ ಹಿಡಿದು ಮೇಲೆ ಎಳೆದರು. ನಾನು ಕಿರುಚಿ ನೆಲಕ್ಕೆ ಕೂತೆ.

ಎಲ್ಲರೂ ಸುತ್ತ ನಿಂತರು. ಕಣ್ಣಲ್ಲಿ ನೀರು, ಸುಳ್ಳು ಹೇಳಲು ಉಸಿರಿರಲಿಲ್ಲ. ನಾಲ್ಕು ತಿಂಗಳಿಂದ ಕೈ ಏಳುತ್ತಿಲ್ಲವೆಂದು, ಅದಕ್ಕೇ ಬಂದೆನೆಂದು, ಹೊಟ್ಟೆಗಲ್ಲವೆಂದು, ದಯವಿಟ್ಟು ಊರಲ್ಲಿ ಹೇಳಬೇಡಿ, ಬಟ್ಟೆ ಬರುವುದು ನಿಂತರೆ ನನ್ನ ಗತಿ ಮುಗಿಯಿತೆಂದು ಎಲ್ಲ ಹೇಳಿಬಿಟ್ಟೆ. ಟ್ರೇನರ್ ಹುಡುಗಿಗೆ ಸಿಟ್ಟು ಬಂತು. ಹತ್ತು ಹದಿನೈದು ದಿನ ನಿಮ್ಮ ಕೈಲಿ ಸೈಕಲ್ ತುಳಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಟೀಚರು ಟೇಪನ್ನು ಕೈಯಲ್ಲೇ ಹಿಡಿದುಕೊಂಡು ಪಕ್ಕದ ಬೆಂಚಿನ ಮೇಲೆ ಕೂತರು. ಮೆಲ್ಲಗೆ ಮಾತಾಡಿದರು.

"ನಾನೂ ಶುಗರ್ ಅಂತ ಹೇಳಿ ಬರಾಕತ್ತೀನಿ. ಖರೇ ಅಂದ್ರ ಮೊಣಕಾಲು. ಎರಡು ವರ್ಷಾತು, ಲಿಂಗಪೂಜಿಗೆ ಕೆಳಗ ಕುಂದ್ರಾಕ ಬರ್ತಾ ಇಲ್ಲ. ಬಾಗಲಾ ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತು ಮಾಡ್ತೀನಿ, ಮನ್ಯಾಗ ಯಾರಿಗೂ ಹೇಳಿಲ್ಲ."

ಅವರ ಸೊಂಟ ಎಷ್ಟೆಂದು ನನಗೆ ಹದಿನಾರು ವರ್ಷದಿಂದ ಗೊತ್ತು. ಇದು ಗೊತ್ತಿರಲಿಲ್ಲ.

ಮರುದಿನದಿಂದ ನನಗೆ ನಿಜವಾದ ಜಿಮ್ ಶುರುವಾಯಿತು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದೇ ಮೇಲೆ ನಡೆಸಬೇಕು, ನಿಲ್ಲುವಲ್ಲಿ ಹತ್ತು ಎಣಿಸಬೇಕು. ರಬ್ಬರಿನ ಪಟ್ಟಿ ಎಳೆಯಬೇಕು. ಎಡಗೈಯಿಂದ ಕೋಲು ತಳ್ಳಿ ಬಲಗೈಯನ್ನು ಎತ್ತಿಸಬೇಕು. ನೀರಿಗೆ ಹಾಕದೆ ಹೊಲಿದ ಕಾಟನ್ ಬಟ್ಟೆಯ ಹಾಗೆ ನನ್ನ ಕೀಲು ಕುಗ್ಗಿತ್ತು, ಎಳೆದರೆ ಹರಿಯುತ್ತದೆ ಎಂದು ಹೆದರಿ ಎಳೆಯದೆ ಬಿಟ್ಟು ಇನ್ನಷ್ಟು ಕುಗ್ಗಿಸಿದ್ದೆ. ಹುಡುಗಿ ಬಿಡಲಿಲ್ಲ. ನಾನು ದಖ್ಖನಿ ಉರ್ದುವಿನಲ್ಲಿ ಬೈದರೆ ಅವಳು ಕನ್ನಡದಲ್ಲಿ ಎಣಿಸುತ್ತಿದ್ದಳು. ಆ ಕಡೆ ಟೀಚರು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು ಏಳುತ್ತ, ಶಾಲೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ ನರಳುತ್ತಿದ್ದರು.

ಆದರೆ ಅಂಗಡಿಗೆ ಹೊಸ ಬಟ್ಟೆ ಬರುವುದು ನಿಂತಿತ್ತು. ಒಂದು ವಾರ ಕಾದೆ. ಫಾಲ್ ಹಚ್ಚುವ ಎರಡು ಸೀರೆ ಬಿಟ್ಟರೆ ಏನೂ ಇಲ್ಲ. ಸುದ್ದಿ ಊರೆಲ್ಲ ಹರಡಿದೆ ಎಂದು ಖಾತ್ರಿಯಾಯಿತು. ಜಿಮ್ಮಿನಲ್ಲಿ ಪಕ್ಕದಲ್ಲಿ ನಿಂತು ನರಳುವವರು ಹೊರಗೆ ಹೋಗಿ ಬಾಯಿ ಬಿಟ್ಟರಲ್ಲ ಎಂದು ಮನಸ್ಸಿನಲ್ಲೇ ಒಬ್ಬೊಬ್ಬರ ಮೇಲೂ ಹಲ್ಲು ಕಡಿದೆ. ಹೆಚ್ಚಿನ ಅನುಮಾನ ಟೀಚರ ಮೇಲೆಯೇ, ಕೂಗಿ ಅವಮಾನ ಮಾಡಿದ್ದು ಅವರಿಗಲ್ಲವೇ.

ಭಾನುವಾರ ಬೆಳಿಗ್ಗೆ ಟೀಚರು ಅಂಗಡಿಗೆ ಬಂದರು. ಕೈಯಲ್ಲಿ ಮೂರು ಬ್ಲೌಸ್ ಪೀಸು. ಶಾಲೆಯ ಪರೀಕ್ಷೆಗಳಿದ್ದವು, ಊರಲ್ಲಿ ಎಲ್ಲರ ಮನೆಯಲ್ಲೂ ಪರೀಕ್ಷೆಯದೇ ಗಲಾಟೆ, ಈ ವಾರ ಯಾರು ಬಟ್ಟೆ ಹೊಲಿಸುತ್ತಾರೆ ಎಂದು ನಾನು ಕೇಳದೆಯೇ ಹೇಳಿದರು. ಅನುಮಾನಪಟ್ಟದ್ದಕ್ಕೆ ನನ್ನ ಮುಖ ತಗ್ಗಿತು. ಅಳತೆ ಬ್ಲೌಸ್ ಎಲ್ಲಿ ಎಂದೆ.

"ತಂದಿಲ್ಲ. ಹೊಸಾದಾಗಿ ತಗೋರಿ."

ಟೇಪು ಕೊರಳಿಗೆ ಹಾಕಿಕೊಂಡು ಅವರ ಹಿಂದೆ ನಿಂತೆ. ಅವರ ಭುಜ ನನ್ನ ತಲೆಯ ಮಟ್ಟದಲ್ಲಿತ್ತು. ಎಡಗೈಯಲ್ಲಿ ಟೇಪಿನ ತುದಿ ಹಿಡಿದು ಹೇಗೆ ಸಾಗಿಸಲಿ ಎಂದು ನಾನು ಒದ್ದಾಡುವುದನ್ನು ಅವರು ಕನ್ನಡಿಯಲ್ಲಿ ನೋಡಿದರು. ಸ್ಟೂಲಿನ ಮೇಲೆ ಬಟ್ಟೆಯ ಗಂಟಿತ್ತು, ತೆಗೆಯುತ್ತೇನೆ, ಅದರ ಮೇಲೆ ಕೂರುವಿರಂತೆ, ತಾಳಿ ಎಂದೆ. ಅವರು ತಾಳಲಿಲ್ಲ. ಹೊಲಿಗೆ ಮಷಿನ್ನಿನ ಹಲಗೆ ಹಿಡಿದು, ಟ್ರೇನರ್ ಹುಡುಗಿ ಕಲಿಸಿದ ಹಾಗೆ ಉಸಿರು ಬಿಡುತ್ತ, ಮೊಣಕಾಲು ಲಟಲಟ ಎನ್ನುತ್ತಿದ್ದರೂ ಇಳಿಯುತ್ತ ಇಳಿಯುತ್ತ ನನ್ನ ಕತ್ತರಿಸಿದ ಚೂರುಗಳ ನಡುವೆ ನೆಲದ ಮೇಲೆ ಕೂತರು. ಎರಡು ವರ್ಷದಿಂದ ದೇವರ ಮುಂದೆ ಕೂರಲಾಗದ ಹೆಂಗಸು.

ನಾನು ಭುಜ ತೆಗೆದೆ, ಬೆನ್ನು ತೆಗೆದೆ, ತೋಳು ತೆಗೆದೆ. ಕಣ್ಣು ಮಂಜಾಗಿ ಒಂದು ಅಳತೆಯನ್ನು ಎರಡೆರಡು ಸಲ ನೋಡಬೇಕಾಯಿತು. ಅಷ್ಟು ಪ್ರೀತಿ ನನಗೆ ಆ ಕ್ಷಣ ಅವರ ಮೇಲೆ ಬಂತು.

ಏಳುವುದೇ ಕಷ್ಟವಾಯಿತು. ಹಲಗೆ ಹಿಡಿದರೆ ಮಷಿನ್ನೇ ಅಲುಗಿತು. ನಾನು ಎಡಗೈ ಚಾಚಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ಆ ಕೈ ಬ್ಯಾಡ. ಈ ಕೈ ಕೊಡ್ರಿ."

ಬಲಗೈ ಕೊಟ್ಟೆ. ಹಲ್ಲು ಕಚ್ಚಿ ಎಳೆದೆ. ಅರ್ಧಕ್ಕೆ ಬಂದು ನಿಂತರು, ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ, ಇಬ್ಬರೂ ಬೀಳುತ್ತೇವೆ ಅನ್ನುವಷ್ಟರಲ್ಲಿ ಪೂರ್ತಿ ಎದ್ದುಬಿಟ್ಟರು. ತೋಲ ತಪ್ಪಿ ಬಿದ್ದೇನೆಂದು ನನ್ನ ಕೈ ಎಳೆದು ತಮ್ಮ ಭುಜಕ್ಕೆ ಊರಿಕೊಂಡರು. ಉಸಿರು ಸುಧಾರಿಸಿಕೊಂಡು ನೋಡಿದರೆ ನನ್ನ ಬಲಗೈ ನನ್ನ ತಲೆಯ ಮಟ್ಟದಲ್ಲಿ, ಅವರ ಭುಜದ ಮೇಲೆ ಇತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.